ಮೂಳೆಯಲ್ಲಿ ಕೂತ ಸೀಸ: ನಕ್ಷೆ ಬರೆಯೋಕೆ ಮುಂಚಿನ ಕೆಲಸ

ಈ ವಾರ ಸ್ವಲ್ಪ ಲ್ಯಾಬ್ ಒಳಗೆ ಹೋಗಿ ಬರೋಣ.

ಹೋದ ವರ್ಷ ಅಮ್ಮನಿಗೆ ಮೊಣಕಾಲಿನ ಕೀಲು ಬದಲಿಸೋ ಆಪರೇಷನ್ ಆಯ್ತು. ಕತ್ತರಿಸಿ ತೆಗೆದ ಮೂಳೆ ಏನಾಗುತ್ತೆ ಅಂತ ಕೇಳಿದೆ. ಆಸ್ಪತ್ರೆ ತ್ಯಾಜ್ಯದ ಜೊತೆ ಹೋಗುತ್ತೆ ಅಂದ್ರು. ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲೇ ಇತ್ತು. ಅಮ್ಮ ವರ್ಷಗಟ್ಟಲೆ ಬೆಂಗಳೂರಿನ ಬಸ್ ಸ್ಟಾಪ್‌ಗಳಲ್ಲಿ ನಿಂತು ಕೆಲಸಕ್ಕೆ ಹೋದವರು. ಆಗ ಪೆಟ್ರೋಲ್‌ಗೆ ಸೀಸ ಬೆರೆಸ್ತಿದ್ರು; ದೇಶದಲ್ಲಿ ಅದು ಪೂರ್ತಿ ನಿಂತಿದ್ದು 2000ದಲ್ಲಿ. ಆ ಹೊಗೆಯ ಸೀಸ ಎಲ್ಲಿ ಹೋಯ್ತು?

ಬಹುಪಾಲು ಮೂಳೆಗೆ. ನಮ್ಮ ದೇಹ ಸೀಸವನ್ನ ಕ್ಯಾಲ್ಸಿಯಂ ಅಂದ್ಕೊಂಡು ಒಳಗೆ ಬಿಟ್ಕೊಳ್ಳುತ್ತೆ. ವಯಸ್ಕರ ದೇಹದಲ್ಲಿರೋ ಸೀಸದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮೂಳೆಯಲ್ಲೇ ಇರುತ್ತೆ. ರಕ್ತ ಪರೀಕ್ಷೆ ಮುಖ್ಯವಾಗಿ ಇತ್ತೀಚಿನ ಲೆಕ್ಕ ಹೇಳುತ್ತೆ, ಮೂಳೆ ದಶಕಗಳ ಲೆಕ್ಕ ಇಟ್ಕೊಂಡಿರುತ್ತೆ. ಅಲ್ಲಿ ಕೂತಿದ್ದು ಸುಮ್ನೆ ಕೂರಲ್ಲ. ಗರ್ಭಿಣಿಯಾದಾಗ, ಹಾಲೂಡಿಸುವಾಗ, ಮುಟ್ಟು ನಿಂತ ಮೇಲೆ ಮೂಳೆ ಕರಗೋದು ಹೆಚ್ಚಾಗುತ್ತೆ. ಆಗ ಸೀಸ ಮತ್ತೆ ರಕ್ತಕ್ಕೆ ಬರುತ್ತೆ, ಹೊಟ್ಟೆಯಲ್ಲಿರೋ ಮಗುವಿಗೂ ತಲುಪುತ್ತೆ. ಅದಕ್ಕೇ ಮೂಳೆಯ ಯಾವ ಪದರದಲ್ಲಿ ಎಷ್ಟಿದೆ ಅನ್ನೋ ನಕ್ಷೆ ಬೇಕು.

ಸೂಜಿಮೊನೆಗಿಂತ ಸಣ್ಣ ಎಕ್ಸ್-ರೇ ಕಿರಣವನ್ನ ಮಾದರಿ ಮೇಲೆ ಬಿಂದು ಬಿಂದುವಾಗಿ ಓಡಿಸ್ತಾರೆ. ಕಿರಣ ಬಿದ್ದಾಗ ಪ್ರತಿ ಮೂಲಧಾತು ತನ್ನದೇ ಶಕ್ತಿಯ ಎಕ್ಸ್-ರೇ ಹೊರಸೂಸುತ್ತೆ. ಅದನ್ನ ಅಳೆದರೆ ನಕ್ಷೆ ಸಿಗುತ್ತೆ. ನಮ್ಮ ದೇಶದಲ್ಲಿ ಇಂದೋರ್‌ನ ಇಂಡಸ್-2ರಲ್ಲಿ ಇಂಥ ವ್ಯವಸ್ಥೆ ಇದೆ. ಆದ್ರೆ ಯಂತ್ರ ಎಷ್ಟೇ ಚೆನ್ನಾಗಿರಲಿ, ಮಾದರಿ ತಯಾರಿಯಲ್ಲಿ ಎಡವಿದ್ರೆ ನಕ್ಷೆ ಸುಳ್ಳು ಹೇಳುತ್ತೆ.

ಮೊದಲ ಎಚ್ಚರಿಕೆ. ಸಾಮಾನ್ಯ ಪೆಥಾಲಜಿ ಲ್ಯಾಬ್‌ನಲ್ಲಿ ಮೂಳೆಯನ್ನ ಮೆತ್ತಗೆ ಮಾಡೋಕೆ ಆಸಿಡ್‌ನಲ್ಲೋ ಇಡಿಟಿಎ ದ್ರಾವಣದಲ್ಲೋ ನೆನೆಸಿ ಕ್ಯಾಲ್ಸಿಯಂ ತೆಗೀತಾರೆ. ಸೀಸದ ವಿಷ ಏರಿದವರ ದೇಹದಿಂದ ಸೀಸ ಹೊರಗೆಳೆಯೋಕೆ ಕೊಡೋ ಒಂದು ಔಷಧಿಯೂ ಇಡಿಟಿಎ ಬಳಗದ್ದೇ! ಅಂದ್ರೆ ಈ ಹಂತದಲ್ಲಿ ಸಾಕ್ಷಿಯನ್ನೇ ತೊಳೆದುಬಿಟ್ಟ ಹಾಗೆ. ಇಲ್ಲಿ ಮೂಳೆ ಗಟ್ಟಿಯಾಗೇ ಇರಬೇಕು.

ಎರಡನೇದು ನೀರು. ಪೊಟ್ಯಾಸಿಯಂ, ಸೋಡಿಯಂ, ಕ್ಲೋರಿನ್ ಫಾರ್ಮಲಿನ್‌ನಲ್ಲಿ ಇಟ್ಟರೂ ಸೋರಿಹೋಗುತ್ತೆ. ಅವು ಬೇಕಿದ್ರೆ ಮಾದರಿಯನ್ನ ತಕ್ಷಣ ಘನೀಕರಿಸಬೇಕು. ಖನಿಜದೊಳಗೆ ಬಿಗಿಯಾಗಿ ಕೂತ ಸೀಸ, ಸ್ಟ್ರಾನ್ಷಿಯಂ ಅಷ್ಟು ಸುಲಭಕ್ಕೆ ಕದಲಲ್ಲ.

ಮೂರನೇದು ಕತ್ತರಿಸೋದು. ಮೂಳೆ ಗಟ್ಟಿ, ಅದರ ಮೇಲಿನ ಮೃದ್ವಸ್ಥಿಯಲ್ಲಿ ಬಹುಪಾಲು ನೀರು. ಎರಡನ್ನೂ ಒಟ್ಟಿಗೆ ತೆಳ್ಳಗೆ ಕೊಯ್ಯೋದು ಅಂದ್ರೆ, ಎಳನೀರಿನ ಗಂಜಿಯನ್ನ ಚಿಪ್ಪಿನ ಸಮೇತ ಬಿಲ್ಲೆ ಮಾಡೋಕೆ ಹೋದ ಹಾಗೆ. ಹಾಗಾಗಿ ಹಂತಹಂತವಾಗಿ ಆಲ್ಕೋಹಾಲ್‌ನಲ್ಲಿಟ್ಟು ನೀರು ತೆಗೆದು, ಒಳಗೆಲ್ಲಾ ದ್ರವರೂಪದ ಪ್ಲಾಸ್ಟಿಕ್ ಇಳಿಸಿ, ದಿನಗಟ್ಟಲೆ ಗಟ್ಟಿಯಾಗೋಕೆ ಬಿಡ್ತಾರೆ. ಆಮೇಲೆ ವಜ್ರದ ಅಂಚಿನ ಗರಗಸದಲ್ಲಿ ನಿಧಾನವಾಗಿ ಕೊಯ್ತಾರೆ. ಸ್ಟೀಲ್ ಬ್ಲೇಡ್ ಆದ್ರೆ ಕಬ್ಬಿಣ, ಕ್ರೋಮಿಯಂ ಬಿಟ್ಟುಹೋಗಬಹುದು. ಪಾಲಿಶ್ ಪುಡಿಯಿಂದ ಅಲ್ಯೂಮಿನಿಯಂ ಅಂಟಬಹುದು. ಗಾಜಿನ ಸ್ಲೈಡ್‌ನಲ್ಲೂ ಹಲವು ಮೂಲಧಾತು ಇರುತ್ತೆ, ಅದಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಮೇಲೆ ಇಡ್ತಾರೆ.

ನಾಲ್ಕನೇದು ದಪ್ಪ. ಎಕ್ಸ್-ರೇ ಆಳಕ್ಕೂ ಇಳಿಯುತ್ತೆ. ತುಂಡು ದಪ್ಪ ಇದ್ರೆ ಕೆಳಗಿನ ಪದರ ಮೇಲಿನದ್ದರ ಜೊತೆ ಕಲಸಿಹೋಗುತ್ತೆ.

ಕೊನೇದು, ಕಾಮರ್ಸ್ ಓದಿದ ನನಗೆ ತುಂಬಾ ಇಷ್ಟವಾದದ್ದು. ಮೂಳೆಯೇ ಇಲ್ಲದ ಬರೀ ಪ್ಲಾಸ್ಟಿಕ್ ತುಂಡೊಂದನ್ನ ಅದೇ ಗರಗಸ, ಅದೇ ಪಾಲಿಶ್ ದಾಟಿಸಿ ಅಳೀತಾರೆ. ಅದರಲ್ಲಿ ಸೀಸ ಕಂಡ್ರೆ ಅದು ಲ್ಯಾಬ್‌ನದ್ದು, ರೋಗಿಯದ್ದಲ್ಲ. ಪಕ್ಕಾ ಆಡಿಟ್!

ಇಷ್ಟೆಲ್ಲಾ ಯಾಕೆ ಅಂದ್ರೆ, ಮೃದ್ವಸ್ಥಿಯ ಖನಿಜ ಇರೋ ಭಾಗ ಮತ್ತು ಇಲ್ಲದ ಭಾಗದ ನಡುವೆ ಕೆಲವೇ ಮೈಕ್ರಾನ್ ಅಗಲದ ಗೆರೆ ಇದೆ, ಟೈಡ್‌ಮಾರ್ಕ್ ಅಂತ. ಆಸ್ಟ್ರಿಯಾದ ವಿಯೆನ್ನಾದ ಸಂಶೋಧಕರು 2006ರಲ್ಲಿ ತೋರಿಸಿದ್ದು ಇದನ್ನೇ: ಪಕ್ಕದ ಮೂಳೆಗಿಂತ ಹಲವು ಪಟ್ಟು ಹೆಚ್ಚು ಸೀಸ ಆ ಗೆರೆಯಲ್ಲಿತ್ತು. ಇಡೀ ತುಂಡನ್ನ ಪುಡಿ ಮಾಡಿ ಅಳೆದಿದ್ರೆ ಒಂದು ಸರಾಸರಿ ಸಿಗ್ತಿತ್ತು, ಗೆರೆ ಕಾಣ್ತಿರಲಿಲ್ಲ.

1999ರಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿದ್ದು ನಮ್ಮ ಬೆಂಗಳೂರಲ್ಲೇ. ಪೆಟ್ರೋಲ್‌ನ ಸೀಸ ಹೋಯ್ತು, ಹಳೇ ಬ್ಯಾಟರಿ ಒಡೆದು ಕರಗಿಸೋ ಕೆಲಸ ಇನ್ನೂ ಇದೆ. ನಿಮ್ಮ ಮನೆಯಲ್ಲಿ ಯಾರಾದ್ರೂ ಆ ಕೆಲಸದಲ್ಲಿದ್ರೆ, ಅವರಿಗೂ ಮನೆ ಮಕ್ಕಳಿಗೂ ರಕ್ತ ಪರೀಕ್ಷೆ ಮಾಡಿಸೋ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ.

ಅಮ್ಮನ ಮೂಳೆಯಲ್ಲಿ ಏನಿತ್ತು ಅನ್ನೋದು ನನಗೆ ಇನ್ಯಾವತ್ತೂ ಗೊತ್ತಾಗಲ್ಲ. ಆದ್ರೆ ಇನ್ಮೇಲೆ ಯಾವುದೇ ವರದಿಯಲ್ಲಿ 'ಕಂಡುಬಂದಿಲ್ಲ' ಅಂತ ಓದಿದಾಗ ಒಂದು ಪ್ರಶ್ನೆ ಕೇಳ್ತೀನಿ: ನಿಜವಾಗ್ಲೂ ಇರಲಿಲ್ವಾ, ಇಲ್ಲ ತೊಳೆದುಹೋಯ್ತಾ?