ನೆರೆ ಇಳಿದ ಮೇಲೆ ಹೆಣ್ಣುಮಕ್ಕಳ ಶಾಲೆ

(ಕಾಮೋಠೆಯಲ್ಲಿ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆದುದರಿಂದ ನೆರೆಯಿಂದ ಕೆಟ್ಟ ಊರುಗಳಲ್ಲಿ ಶಾಲೆಗಳನ್ನು ಮತ್ತೆ ಕಟ್ಟುವಾಗ ಹೆಣ್ಣುಮಕ್ಕಳಿಗೆ ಏನು ಬೇಕು ಎಂಬ ಒಂದೇ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ.

ಇದು ನಮಗೆ ದೂರದ ಸುದ್ದಿಯೇನೂ ಅಲ್ಲ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಯೇ ಸಾಂಗಲಿಯನ್ನು ದಾಟಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸೀಮೆಗೆ ಇಳಿಯುತ್ತಾಳೆ. ಆ ನೆಲವೆಲ್ಲ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೇ ಸೇರಿತ್ತು. ಇನ್ನು ನೆರೆಯೆಂದರೇನು ಎಂಬುದನ್ನು ಈ ಕಡೆಯವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದುದನ್ನು ಇಲ್ಲಿಯ ಹಿರಿಯರು ಮರೆತಿರಲಾರರು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ, ಮಳೆಗಾಗಿ ಮುಗಿಲು ನೋಡುವ ಉತ್ತರ ಕರ್ನಾಟಕದ ಮೇಲೆಯೇ ಮುಗಿಲು ಹರಿದುಬಿತ್ತು. ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ನೆನೆನೆನೆದು ಕುಸಿದವು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತುಂಗಭದ್ರೆ ಮಂತ್ರಾಲಯದ ಮಠದೊಳಕ್ಕೂ ನುಗ್ಗಿದಳು. ಸರಕಾರವು ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವು ಪಡೆದು ಎತ್ತರದ ನೆಲದಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 2019ರ ಆಗಸ್ಟ್ ತಿಂಗಳಲ್ಲಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಮತ್ತೆ ಉಕ್ಕಿದವು. ಮತ್ತೆ ಮನೆಗಳು ಬಿದ್ದವು, ಶಾಲೆಯ ಕೋಣೆಗಳು ಕೆಟ್ಟವು.

ನೆರೆಯ ನೀರು ಗಂಡು ಹೆಣ್ಣು ಎಂದು ಭೇದ ಮಾಡುವುದಿಲ್ಲ. ಭೇದ ಶುರುವಾಗುವುದು ನೀರು ಇಳಿದ ಮೇಲೆ. ಊರಿಗೆ ಗಟ್ಟಿ ಕಟ್ಟಡವೆಂದರೆ ಬಹುಮಟ್ಟಿಗೆ ಶಾಲೆಯೇ. ಆದ್ದರಿಂದ ಅದೇ ಗಂಜಿಕೇಂದ್ರವಾಗುತ್ತದೆ, ಪಾಠ ನಿಲ್ಲುತ್ತದೆ. ತಾಯಿತಂದೆ ಕೆಸರು ಬಳಿಯಲು, ಕೂಲಿ ಹುಡುಕಲು ಹೊರಟರೆ, ನೀರು ಹೊರುವುದೂ ತಮ್ಮನನ್ನು ಎತ್ತಿಕೊಳ್ಳುವುದೂ ಹನ್ನೆರಡು ವರ್ಷದ ಅಕ್ಕನ ಪಾಲಿಗೆ ಬರುತ್ತದೆ. “ಇವತ್ತೊಂದು ದಿವಸ ಬಿಡವಾ, ನಾಳೆ ಹೋಗುವಿಯಂತೆ” ಎನ್ನುತ್ತಾರೆ. ಆ ನಾಳೆ ಬರುವುದೇ ಇಲ್ಲ. ಹೊಸ ಊರು ಹೊಲಗಳಿಂದ ದೂರವಾದರೆ ಕೆಲವು ಮನೆಯವರು ಹಳೆಯ ಊರಿನಲ್ಲೇ ಉಳಿಯುವುದುಂಟು. ಆಗ ಶಾಲೆ ಒಂದು ಕಡೆ, ಮನೆ ಇನ್ನೊಂದು ಕಡೆ. ನಡುವಿನ ನಿರ್ಜನ ದಾರಿಯಲ್ಲಿ ಮಗನನ್ನು ಕಳುಹಿಸುವ ತಂದೆ ಮಗಳನ್ನು ಕಳುಹಿಸಲು ಹಿಂಜರಿಯುತ್ತಾನೆ. ಓದು ನಿಂತ ಹುಡುಗಿಗೆ ಗಂಡು ನೋಡುವುದು ಹೆಚ್ಚು ತಡವಾಗುವುದಿಲ್ಲ.

ಹಾಗಾದರೆ ಹೆಣ್ಣುಮಕ್ಕಳಿಗೆ ಒಗ್ಗುವ ಶಾಲೆ ಎಂದರೆ ಯಾವುದು? ಗೋಡೆಗೆ ಗುಲಾಬಿ ಬಣ್ಣ ಬಳಿದ ಮಾತ್ರಕ್ಕೆ ಅದು ಆಗಲಾರದು. ಮನೆಗೆ ಹತ್ತಿರವಾದ ಶಾಲೆ, ನೆರೆಯ ಮಟ್ಟಕ್ಕಿಂತ ಮೇಲೆ ಎತ್ತಿದ ನೆಲಗಟ್ಟು, ಎರೆಮಣ್ಣು ಉಬ್ಬಿ ಬಿರಿದರೂ ಅಲುಗದ ತಳಪಾಯ, ಸುತ್ತ ಕಾಂಪೌಂಡು, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ಅದಕ್ಕೆ ಒಳಗಿನಿಂದ ಚಿಲಕ, ತೊಟ್ಟಿಯಲ್ಲಿ ನೀರು, ಒಬ್ಬರಾದರೂ ಶಿಕ್ಷಕಿ. ಇವುಗಳಲ್ಲಿ ಹಲವನ್ನು ಕಾನೂನೇ ವಿಧಿಸಿದೆ. ಆ ನೆರೆ ಬಂದ 2009ರಲ್ಲಿಯೇ ಸಂಸತ್ತು ಒಪ್ಪಿದ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆವರಣದ ಗೋಡೆ ಅಥವಾ ಬೇಲಿ ಇರಲೇಬೇಕೆಂದು ಹೇಳುತ್ತದೆ.

ಒಂದು ಚಿಲಕಕ್ಕೆ ಇಷ್ಟು ಮಹತ್ವವೇ ಎಂದು ಕೆಲವರು ಕೇಳಬಹುದು. 2003ರಲ್ಲಿ ಭಾರತ ಸರಕಾರ ಕೈಗೊಂಡ ಶಾಲಾ ಶೌಚಾಲಯಗಳ ಕಾರ್ಯಕ್ರಮವನ್ನು ಅಂಜಲಿ ಅಡೂಕಿಯಾ ಎಂಬ ವಿದುಷಿ ಪರಿಶೀಲಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ ಯಾವ ಶೌಚಾಲಯವಿದ್ದರೂ ಶಾಲೆಗೆ ಸೇರುವಿಕೆ ಹೆಚ್ಚಿತು. ಮೈನೆರೆಯುವ ವಯಸ್ಸಿನ ಹುಡುಗಿಯರಿಗೆ ಮಾತ್ರ, ತಮ್ಮದೇ ಬೇರೆ ಶೌಚಾಲಯವಿದ್ದಲ್ಲಿ ಹೆಚ್ಚಿನ ಪ್ರಯೋಜನವಾಯಿತು. ಈ ಸಭೆಯ ತಾಯಂದಿರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರನಾಡಿನ ಉದಾಹರಣೆಯೂ ಇದೆ. ಆಫ್ರಿಕದ ಬುರ್ಕಿನಾ ಫಾಸೊ ಎಂಬ ಬಡ ದೇಶದಲ್ಲಿ 2005ರಿಂದ 132 ಹಳ್ಳಿಗಳಲ್ಲಿ ಇಂಥ ಶಾಲೆಗಳನ್ನು ಕಟ್ಟಿದರು. ನೀರು, ಬೇರೆ ಶೌಚಾಲಯ, ಶಿಕ್ಷಕರಿಗೆ ವಸತಿ, ತಪ್ಪದೆ ಬರುವ ಹುಡುಗಿಯರಿಗೆ ಮನೆಗೊಯ್ಯಲು ಧಾನ್ಯ, ಇಷ್ಟನ್ನು ಒದಗಿಸಿದರು. ಎರಡೂವರೆ ವರ್ಷದಲ್ಲಿ ನೂರು ಮಕ್ಕಳಲ್ಲಿ ಸುಮಾರು 19 ಮಂದಿ ಹೆಚ್ಚಾಗಿ ಶಾಲೆಗೆ ಸೇರಿದರು. ಹುಡುಗಿಯರಿಗೆಂದು ಮಾಡಿದ ಅನುಕೂಲದಿಂದ ಹುಡುಗರ ಸಂಖ್ಯೆಯೂ ಏರಿತು ಎಂಬುದು ಗಮನಿಸತಕ್ಕ ಮಾತು.

ಕಟ್ಟಿದರೆ ಮುಗಿಯಿತೇ? ಇಲ್ಲ. ನಮ್ಮ ದೇಶದಲ್ಲಿ 2014ರಲ್ಲಿ ಶಾಲಾ ಶೌಚಾಲಯಗಳ ದೊಡ್ಡ ಅಭಿಯಾನ ನಡೆಯಿತು. ಸಾರ್ವಜನಿಕ ಉದ್ಯಮಗಳು ಅದರಲ್ಲಿ ಕಟ್ಟಿದವುಗಳ ಪೈಕಿ 2,326ನ್ನು ಮಹಾಲೇಖಪಾಲರು ಪರಿಶೀಲಿಸಿದಾಗ 691 ಬಳಕೆಯಲ್ಲೇ ಇರಲಿಲ್ಲ. ನೂರಕ್ಕೆ 72ರಷ್ಟರೊಳಗೆ ಹರಿಯುವ ನೀರಿರಲಿಲ್ಲ. 2020ರಲ್ಲಿ ಈ ವರದಿ ಸಂಸತ್ತಿನ ಮುಂದೆ ಬಂತು. ಬೀಗ ಹಾಕಿದ ಶೌಚಾಲಯ ಲೆಕ್ಕದ ಪುಸ್ತಕಕ್ಕೆ ಸಾಕು, ಹುಡುಗಿಗೆ ಸಾಲದು.

ಇದಕ್ಕೆ ಉಪಾಯವೇನು? ನಮ್ಮ ಬೀದರಿನ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಸಾವಿರಾರು ಜನ ಕಲ್ಲುಮಣ್ಣಿನ ಗೋಡೆಗಳಡಿ ಸಿಕ್ಕಿದರು. ಆಮೇಲೆ ಮನೆಗಳನ್ನು ಭದ್ರಪಡಿಸುವಾಗ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಹೆಂಗಸರೇ ಸರಕಾರಕ್ಕೂ ಊರಿಗೂ ನಡುವೆ ನಿಂತರು. ಕಟ್ಟುವ ಕ್ರಮ ಕಲಿತು ಉಳಿದವರಿಗೆ ತಿಳಿಹೇಳಿದರು. ಶಾಲೆಯ ಕೆಲಸಕ್ಕೂ ಇದೇ ಮಾದರಿ ಆಗಬೇಕು. ಶೌಚಾಲಯ ಎಲ್ಲಿರಬೇಕು, ಬಾಗಿಲು ಯಾವ ಕಡೆಗೆ ಮುಖ ಮಾಡಬೇಕು ಎಂಬುದನ್ನು ಗುತ್ತಿಗೆದಾರನಿಗಿಂತ ಆ ಊರಿನ ತಾಯಿ ಚೆನ್ನಾಗಿ ಬಲ್ಲಳು.

ಕೊನೆಯದಾಗಿ ನಮ್ಮ ಪಾಲಿನ ಮಾತು. ಮುಂಬಯಿ ಕನ್ನಡಿಗರು ವಿದ್ಯಾದಾನಕ್ಕೆ ಹೆಸರಾದವರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ಓದಲೆಂದು ನಮ್ಮ ಹಿರಿಯರು ರಾತ್ರಿಶಾಲೆಗಳನ್ನು ನಡೆಸಿದರು. ಆ ಬೆಂಚುಗಳ ಮೇಲೆ ಕುಳಿತವರು ಬಹುಮಟ್ಟಿಗೆ ಗಂಡುಮಕ್ಕಳು. ಅವರು ಊರಿನಲ್ಲಿ ಬಿಟ್ಟುಬಂದ ಅಕ್ಕತಂಗಿಯರಿಗೆ ರಾತ್ರಿಶಾಲೆ ಎಲ್ಲಿತ್ತು? ಆ ಋಣ ನಮ್ಮ ಮೇಲೆ ಉಳಿದಿದೆ.

ನೆರೆ ಬಂದ ವಾರ ನಾವು ಸೀರೆ, ಕಂಬಳಿ, ಬಿಸ್ಕತ್ತು ಕೂಡಿಸಿ ಕಳುಹಿಸುತ್ತೇವೆ. ಅದು ಬೇಕು. ಆದರೆ ಆ ನಿಧಿಯಲ್ಲಿ ಒಂದು ಪಾಲನ್ನು ಆರು ತಿಂಗಳ ನಂತರಕ್ಕೆಂದು ತೆಗೆದಿಡೋಣ. ಆಗ ಊರಿಗೆ ಹೋಗುವ ನಮ್ಮವರು ಶಾಲೆಯ ಎಸ್‌ಡಿಎಂಸಿಯ ತಾಯಂದಿರನ್ನು ಕಂಡು ಮೂರು ಪ್ರಶ್ನೆ ಕೇಳಲಿ: ತೊಟ್ಟಿಗೆ ನೀರು ಬರುತ್ತದೆಯೇ? ಚಿಲಕ ಹಾಕಿಕೊಳ್ಳುತ್ತದೆಯೇ? ನೆರೆಗೆ ಮೊದಲು ಹಾಜರಿ ಪುಸ್ತಕದಲ್ಲಿದ್ದ ಹುಡುಗಿಯರಲ್ಲಿ ಯಾರು ಯಾರು ಮರಳಿ ಬಂದಿಲ್ಲ? ಮೂರನೆಯ ಪ್ರಶ್ನೆಗೆ ಸಿಕ್ಕ ಹೆಸರುಗಳನ್ನು ಹಿಡಿದು ಮನೆಮನೆಗೆ ಹೋಗಬೇಕು. ದಾನಿಗಳ ಹೆಸರಿನ ಕಲ್ಲಿಗೆ ತಗಲುವ ಹಣದಲ್ಲಿ ಒಂದು ನೀರಿನ ಪೈಪು ಬರುತ್ತದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಮ್ಮಲ್ಲಿ ಗಾದೆಯಿದೆ. ಮುಂದಿನ ಮಳೆಗಾಲಕ್ಕೆ ಇನ್ನೂ ಏಳು ತಿಂಗಳಿವೆ. ಈ ಕೆಲಸಕ್ಕೆ ಸಂಘದ ತಾಯಂದಿರೇ ಮುಂದಾಳುಗಳಾಗಲಿ ಎಂದು ಪ್ರಾರ್ಥಿಸುತ್ತೇನೆ.

ಜಯ ಕರ್ನಾಟಕ.