ತುಪ್ಪಳದೊಳಗಿನ ತೂಕ



ಇಂದಿನ ವಿಷಯ ಚಿಂಚಿಲ್ಲಾ ಎಂದಾಗ ಅದು ಯಾವ ಹೊಸ ತಿಂಡಿ ಎಂದು ಇಬ್ಬರು ಕೇಳಿದರು! ಇದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಪ್ರಾಣಿ. ದುಂಡು ಕಿವಿ, ಅಳಿಲಿನಂಥ ಬಾಲ, ರೇಷ್ಮೆಯಂಥ ತುಪ್ಪಳ. ಆ ತುಪ್ಪಳಕ್ಕಾಗಿ ಬೇಟೆಯಾಡಿ ಕಾಡಿನಲ್ಲಿ ಅದನ್ನು ಅಳಿವಿನಂಚಿಗೆ ತಂದಿದ್ದಾರೆ. 1923ರಲ್ಲಿ ಮಥಾಯಸ್ ಚಾಪ್ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರ್ ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ 11 ಚಿಂಚಿಲ್ಲಾಗಳನ್ನು ಒಯ್ದರು. ಇಂದು ಜನ ಸಾಕುವ ಚಿಂಚಿಲ್ಲಾಗಳಲ್ಲಿ ಬಹುಪಾಲು ಅವುಗಳ ಸಂತತಿ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ಚಿಂಚಿಲ್ಲಾ ಅಪರೂಪ. ಮೊಲ, ಗಿನಿಪಿಗ್‌ಗಳೇ ಹೆಚ್ಚು. ನಾಯಿ ತಂದರೆ ಸೊಸೈಟಿಯಲ್ಲಿ ಜಗಳ, ಆದ್ದರಿಂದ ಮಕ್ಕಳ ಹಟ ಇಂಥ ಸಣ್ಣ ಪ್ರಾಣಿಗಳ ಕಡೆ ತಿರುಗುತ್ತದೆ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಮೊಲಕ್ಕೂ ಗಿನಿಪಿಗ್‌ಗೂ ಸಲ್ಲುತ್ತದೆ.

ಚಿಂಚಿಲ್ಲಾದ ಒಂದೊಂದು ಕೂದಲ ಬುಡದಿಂದ 50ಕ್ಕೂ ಹೆಚ್ಚು ಎಳೆಗಳು ಹೊರಡುತ್ತವೆ. ಹಾಗಾಗಿ ಎಷ್ಟೇ ಸೊರಗಿದರೂ ಅದು ಹತ್ತಿಯ ಉಂಡೆಯ ಹಾಗೇ ಕಾಣುತ್ತದೆ. ನಮ್ಮ ಪರಿಚಯದ ಮನೆಯೊಂದರಲ್ಲಿ ‘ಚೆನ್ನಾಗಿ ದುಂಡಗಿದೆ’ ಎಂದುಕೊಂಡಿದ್ದ ಪ್ರಾಣಿಯ ಬೆನ್ನ ಮೇಲೆ ನಾನು ಕೈಯಾಡಿಸಿದೆ. ತುಪ್ಪಳದಡಿ ಬರೀ ಮೂಳೆ. ಮೂರು ವಾರಗಳಿಂದ ಅದು ಸರಿಯಾಗಿ ಮೇಯುತ್ತಿರಲಿಲ್ಲ, ಯಾರಿಗೂ ಗೊತ್ತಾಗಿರಲಿಲ್ಲ. ಎರಡು ದಿನದಲ್ಲಿ ಅದು ಸತ್ತುಹೋಯಿತು. ಆ ಮನೆಯ ಹುಡುಗಿ ‘ಆಂಟಿ, ನಿನ್ನೆಯವರೆಗೂ ದಪ್ಪಗೇ ಇತ್ತಲ್ಲ’ ಎಂದು ಅಳುತ್ತಿದ್ದಳು.

ಕಣ್ಣನ್ನು ನಂಬಲಾಗದಿದ್ದರೆ ಕೈಯನ್ನು ನಂಬಬೇಕು. ಈಗಲೇ ಮಾಡಿ ನೋಡಿ: ಮುಷ್ಟಿ ಬಿಗಿದು ಬೆರಳ ಗೆಣ್ಣುಗಳನ್ನು ಮುಟ್ಟಿ. ಪಕ್ಕೆಲುಬು ಹಾಗೆ ಕೈಗೆ ಸಿಕ್ಕಿದರೆ ಪ್ರಾಣಿ ಬಡಕಲು. ಕೈ ಬಿಡಿಸಿ ಅಂಗೈಯ ಮಾಂಸಲ ಭಾಗ ಒತ್ತಿ. ಹಾಗಿದ್ದರೆ ಬೊಜ್ಜು. ಚಾಚಿದ ಕೈಯ ಹಿಂಬದಿಯಲ್ಲಿ ಮೂಳೆ ಸಿಗುತ್ತದೆ, ಚುಚ್ಚುವುದಿಲ್ಲ. ಬೇಕಾದದ್ದು ಅದು.

ಇನ್ನು ತೂಕ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಮೇಲೊಂದು ಆಳವಾದ ಪ್ಲಾಸ್ಟಿಕ್ ಡಬ್ಬಿ ಇಟ್ಟು, ಸೊನ್ನೆ ಮಾಡಿ, ಪ್ರಾಣಿಯನ್ನು ಕೂರಿಸಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿಡಿ. ಅಂಗನವಾಡಿಯಲ್ಲಿ ಮಗುವಿನ ತೂಕದ ಗೆರೆ ಎಳೆಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಗೆರೆ ಏರುತ್ತಿದೆಯೇ, ನಿಂತಿದೆಯೇ, ಇಳಿದಿದೆಯೇ ನೋಡಬೇಕು.

ಹುಟ್ಟಿದ ಚಿಂಚಿಲ್ಲಾ ಮರಿ ಸುಮಾರು 40ರಿಂದ 60 ಗ್ರಾಂ. ಕಣ್ಣು ತೆರೆದೇ ಹುಟ್ಟುತ್ತದೆ! ತಾಯಿಯ ಹಾಲು ಬಿಡುವುದು ಆರರಿಂದ ಎಂಟು ವಾರಕ್ಕೆ. ಬೆಳೆದದ್ದು ಸಾಮಾನ್ಯವಾಗಿ 400ರಿಂದ 700 ಗ್ರಾಂ, ಹೆಣ್ಣು ತುಸು ದೊಡ್ಡದು. ಸಣ್ಣ ಮೈಕಟ್ಟಿನದು 450ಕ್ಕೇ ಗಟ್ಟಿಮುಟ್ಟಾಗಿರಬಹುದು, ಆದ್ದರಿಂದ ಪಕ್ಕದ ಮನೆಯದರ ಜೊತೆ ಹೋಲಿಕೆ ಬೇಡ (ಈ ಮಾತು ನಮ್ಮ ಮಕ್ಕಳ ಮಾರ್ಕ್ಸಿಗೂ ಅನ್ವಯ). 600 ಗ್ರಾಂ ಇದ್ದದ್ದು 540ಕ್ಕೆ ಬಂತೆನ್ನಿ. 60 ಗ್ರಾಂ ಎಂದರೆ ಒಂದು ನಿಂಬೆಹಣ್ಣಿನಷ್ಟು, ಆದರೆ ಅದು ಮೈತೂಕದ ಹತ್ತರಲ್ಲೊಂದು ಪಾಲು. ಆಗ ಡಾಕ್ಟರರ ಹತ್ತಿರ ಹೋಗಲೇಬೇಕು. ಬೆಳೆಯುವ ಮರಿಯ ತೂಕ ಏರದೆ ನಿಂತರೂ ಅಷ್ಟೇ.

ಹೆಚ್ಚಿನ ಸಲ ಮೂಲ ಹಲ್ಲಿನಲ್ಲಿರುತ್ತದೆ. ಇವುಗಳ ಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಒಣಹುಲ್ಲು ಜಗಿದರೆ ಸವೆಯುತ್ತದೆ. ನಾವೋ ‘ಪಾಪ, ಬರೀ ಹುಲ್ಲು ತಿನ್ನುತ್ತದೆ’ ಎಂದು ದ್ರಾಕ್ಷಿ, ಗೋಡಂಬಿ, ಬಿಸ್ಕತ್ತು ಕೊಡುತ್ತೇವೆ. ಅಜ್ಜಿಯರ ಪ್ರೀತಿಯಂತೂ ಕೇಳಲೇಬೇಡಿ. ಹಲ್ಲು ಉದ್ದವಾಗಿ ಕೆನ್ನೆ, ನಾಲಿಗೆಗೆ ಚುಚ್ಚುತ್ತದೆ, ಗದ್ದ ಒದ್ದೆಯಾಗುತ್ತದೆ, ಮೇವು ನಿಲ್ಲುತ್ತದೆ. ಗಿನಿಪಿಗ್‌ಗೆ ಇನ್ನೊಂದು ತೊಂದರೆ: ನಮ್ಮ ಹಾಗೇ ಅದರ ಮೈಯೂ ‘ಸಿ’ ವಿಟಮಿನ್ ತಯಾರಿಸಲಾರದು. ದಿನಕ್ಕೊಂದು ತುಂಡು ಸಿಮ್ಲಾ ಮಿರ್ಚಿ ಕೊಡಿ.

ಚಿಂಚಿಲ್ಲಾ ಬೇಕೆಂದು ಮಗು ಕೇಳಿದರೆ ಬೇಡ ಎನ್ನಿ ಎಂದೇ ನನ್ನ ಸಲಹೆ. ಅದಕ್ಕೆ 27 ಡಿಗ್ರಿ ದಾಟಿದರೆ ಅಪಾಯ. ಕಲ್ಯಾಣ್ ಡೊಂಬಿವಲಿಯ ಏಪ್ರಿಲ್ ಮೇ ಬಿಸಿಲು, ಮೇಲಿಂದ ಹೋಗುವ ಕರೆಂಟು! ಹಗಲೂ ರಾತ್ರಿ ಏಸಿ ಹಾಕಲು ಯಾರಿಂದಾದೀತು?

ಈಗಾಗಲೇ ಇದ್ದವರಿಗೆ ಒಂದು ಮಾತು. ರಜೆಯಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವಾಗ ಪಂಜರದ ಜೊತೆ ತಕ್ಕಡಿಯನ್ನೂ ತೂಕ ಬರೆದ ಹಾಳೆಯನ್ನೂ ಪಕ್ಕದ ಮನೆಗೆ ಕೊಟ್ಟು ಹೋಗಿ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರರೂ ಇವನ್ನು ನೋಡುವುದಿಲ್ಲ, ಆದ್ದರಿಂದ ನೋಡುವವರ ನಂಬರನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅರ್ಧ ದಿನ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ಕಾಣದಿದ್ದರೆ ನಿಮ್ಮ ಫೋನಿಗೆ ಕಾಯದೆ ಅಂದೇ ಕರೆದೊಯ್ಯಲು ಹೇಳಿಡಿ.