ಸಬ್ಬಸಿಗೆ: ನಮಗೆ ಹಿತ, ದನದ ಹೊಟ್ಟೆ ಉಬ್ಬರಕ್ಕೆ ನೆಚ್ಚಬೇಡಿ

(ಬಳ್ಳಾರಿ ಕಂಟೋನ್ಮೆಂಟ್‌ನಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕುರುಗೋಡು, ಸಿರುಗುಪ್ಪ ಕಡೆಯಿಂದ ಬಂದಿರುವ ತಮಗೆ ಸಬ್ಬಸಿಗೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಾಣಂತಿಯ ಊಟದಲ್ಲಿ ಈ ಸೊಪ್ಪು ಇದ್ದೇ ಇರುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಶತಪುಷ್ಪಾ ಎಂದು ಹೆಸರು. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಮಕ್ಕಳಿಗಾಗಿ ತಯಾರಿಸಿದ ಗ್ರೈಪ್ ವಾಟರ್‌ನಲ್ಲಿಯೂ ಸಬ್ಬಸಿಗೆ ಎಣ್ಣೆ ಇತ್ತು.

ಈ ಎಣ್ಣೆಯಲ್ಲಿ ಕಾರ್ವೋನ್, ಲಿಮೊನೀನ್ ಎಂಬ ಅಂಶಗಳಿವೆ. ಇರಾನಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಬ್ಬಸಿಗೆ ಬೀಜದ ಸಾರವು ಇಲಿಯ ಕರುಳಿನ ಸೆಳೆತವನ್ನು ಸಡಿಲಿಸಿತು. ಹೊಟ್ಟೆನೋವಿಗೆ ಅಜ್ಜಿಯರು ಕೊಡುತ್ತಿದ್ದ ಕಷಾಯಕ್ಕೆ ಇದರಿಂದ ಸ್ವಲ್ಪ ಆಧಾರ ಸಿಕ್ಕಿದೆ.

ಆದರೆ ಇದನ್ನೇ ನಂಬಿ ಹೊಟ್ಟೆ ಉಬ್ಬರಿಸಿದ ಎಮ್ಮೆಗೆ ಕಷಾಯ ಹಾಕಬೇಡಿ. ದನದ ಹೊಟ್ಟೆಯ ಗಾಳಿ ತೇಗಿನಿಂದ ಹೊರಬರಬೇಕು. ತೇಗು ಬರಲು ಮೊದಲ ಹೊಟ್ಟೆಯಾದ ರೂಮೆನ್ ಚೆನ್ನಾಗಿ ಕುಗ್ಗಬೇಕು. ಸಡಿಲಿಸುವ ಮದ್ದು ಅಲ್ಲಿ ಉಪಕಾರಕ್ಕೆ ಬರುತ್ತದೆಂದು ಹೇಳಲಾಗದು. ಅಲ್ಲದೆ ನಾಲಿಗೆ ಎಳೆದು ಗೊಟ್ಟದಲ್ಲಿ ಹಾಕಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಹಸಿ ಕುದುರೆಮೆಂತೆ ಹೆಚ್ಚಾಗಿ ತಿಂದೋ, ಕಾಳಿನ ಚೀಲಕ್ಕೆ ಬಾಯಿ ಹಾಕಿಯೋ ಎಡಭಾಗದ ಹೊಟ್ಟೆ ಉಬ್ಬಿದರೆ ಮೇವು ನಿಲ್ಲಿಸಿ. ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ. ಕೂಡಲೇ ಪಶುವೈದ್ಯರನ್ನು ಕರೆಸಿ, ಇಲ್ಲವೇ ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಫೋನು ಮಾಡಿ. ತೀವ್ರ ಉಬ್ಬರದಲ್ಲಿ ಕೆಲವೇ ಗಂಟೆಗಳಲ್ಲಿ ದನ ಸಾಯಬಹುದು. ಕಷಾಯ ಕುದಿಸುತ್ತಾ ಕೂತ ಸಮಯ ಮರಳಿ ಬಾರದು.

ಮಾರಿ ಉಳಿದ ಸೊಪ್ಪನ್ನು ದನಕ್ಕೆ ಹಾಕುವುದಾದರೆ ಸ್ವಲ್ಪವೇ ಹಾಕಿ; ಅದೂ ಹಾಲು ಕರೆದ ನಂತರ. ಕಟು ವಾಸನೆಯ ಮೇವು ಕರೆಯುವ ಮುಂಚೆ ತಿಂದರೆ ವಾಸನೆ ರಕ್ತದ ಮೂಲಕ ಹಾಲಿಗೆ ಇಳಿಯುತ್ತದೆ. ಒಬ್ಬರ ಕ್ಯಾನಿನ ವಾಸನೆ ಸಂಘದ ಎಲ್ಲರ ಹಾಲನ್ನೂ ಕೆಡಿಸುತ್ತದೆ.

ಹೊಲದಲ್ಲಿ ಮಾತ್ರ ಸಬ್ಬಸಿಗೆಯಿಂದ ನಮಗೆ ನೇರ ಲಾಭವಿದೆ. ಮೇವಿನ ಬೆಳೆಯ ಬದುವಿನಲ್ಲಿ ನಾಲ್ಕು ಸಾಲು ಬಿತ್ತಿ, ಕೆಲವು ಗಿಡ ಹೂವಿಗೆ ಬಿಡಿ. ಕೊಡೆಯಂತಹ ಆ ಹೂಗೊಂಚಲಿಗೆ ಗುಲಗಂಜಿ ಹುಳು, ಪರೋಪಜೀವಿ ಕಣಜ ಬರುತ್ತವೆ. ಗುಲಗಂಜಿ ಹುಳು ಹೇನನ್ನು ತಿನ್ನುತ್ತದೆ. ಮೇವಿಗೆ ವಿಷ ಹೊಡೆಯುವುದು ಕಡಿಮೆಯಾದಷ್ಟೂ ಹಾಲು ಶುದ್ಧ.

ಸೊಪ್ಪು ನಮ್ಮ ತಟ್ಟೆಗೆ, ಹೂವು ಹೊಲಕ್ಕೆ, ಕಾಯಿಲೆ ಬಿದ್ದ ದನ ವೈದ್ಯರ ಕೈಗೆ. ಇಷ್ಟನ್ನು ನೆನಪಿನಲ್ಲಿಡಿ.